ರ‍್ಯಾಪ್ ಪದವೂ ಮರುಳಿನ ಶಂಕೆಯೂ

ಹಾಡಿನಿಂದ ಮನಸ್ಸು ಕೆಡುತ್ತದೆಯೆಂಬ ದೂರು ಬಹಳ ಹಳೆಯದು. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಕಂಪನಿ ನಾಟಕದ ಪದಗಳ ಮೇಲಿತ್ತು. ತಂದೆಯವರ ಕಾಲಕ್ಕೆ ಸಿನಿಮಾ ಹಾಡಿನ ಮೇಲೆ ಬಂತು. ೧೯೮೭ರಲ್ಲಿ ‘ಪ್ರೇಮಲೋಕ’ ತೆರೆಕಂಡು ಹಂಸಲೇಖ ಅವರ ಮಾತಿನ ಧಾಟಿಯ ಹಾಡುಗಳು ಬೀದಿಬೀದಿಯಲ್ಲಿ ಕೇಳಿಬಂದಾಗ, ‘ಇದು ಹಾಡೂ ಅಲ್ಲ, ಮಾತೂ ಅಲ್ಲ’ ಎಂದು ಮೂಗು ಮುರಿದ ಹಿರಿಯರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆದರೆ ಕೆಡುವುದು ಬೇರೆ, ಪರವಶವಾಗುವುದು ಬೇರೆ. ಕೆಟ್ಟವನಿಗೆ ಬುದ್ಧಿ ಹೇಳಬಹುದು. ಪರವಶನಾದವನಿಗೆ ಬುದ್ಧಿಯೇ ತನ್ನದಾಗಿ ಉಳಿದಿರುವುದಿಲ್ಲ. ಈಚಿನ ವರ್ಷಗಳಲ್ಲಿ ಹಿಪ್‌ಹಾಪ್ ಎಂಬ ಸಂಗೀತದ ಮೇಲೆ, ಅದರಲ್ಲಿಯೂ ಅದರ ಮಾತಿನ ಅಂಗವಾದ ರ‍್ಯಾಪ್ ಪದಗಳ ಮೇಲೆ, ಬಂದಿರುವುದು ಈ ಎರಡನೆಯ ಬಗೆಯ ದೂರು.

ದೂರಿನ ಸಾರಾಂಶ ಇಷ್ಟು: ‘ಇಲ್ಯುಮಿನಾಟಿ’ ಎಂಬ ಗುಪ್ತಕೂಟವೊಂದಿದೆ; ಜಗತ್ತಿನ ಸಂಗೀತದ ಕಂಪನಿಗಳೆಲ್ಲ ಅದರ ಕೈಯಲ್ಲಿವೆ; ಗಾಯಕರು ತಮ್ಮ ಆತ್ಮವನ್ನು ಅದಕ್ಕೆ ಮಾರಿಕೊಂಡವರು; ತಾಳದ ಬಡಿತದಲ್ಲಿಯೂ ಹಿಂದುಮುಂದಾದ ಮಾತುಗಳಲ್ಲಿಯೂ ಅಡಗಿಸಿಟ್ಟ ಆಜ್ಞೆಗಳು ಹುಡುಗರ ಮನಸ್ಸನ್ನು ಅವರಿಗೆ ಅರಿವಿಲ್ಲದಂತೆ ನಡೆಸುತ್ತವೆ; ಬೆರಳು ಜೋಡಿಸಿ ತೋರಿಸುವ ತ್ರಿಕೋನವೇ ಅದರ ಮುದ್ರೆ. ಈ ಮಾತು ಅಮೆರಿಕದಲ್ಲಿ ಮೂವತ್ತು ವರ್ಷಕ್ಕೂ ಹಳೆಯದು. ಈಗ ಅದು ಹೊರಮಾವು, ಬಾಣಸವಾಡಿ, ಕೆ. ಆರ್. ಪುರದ ಮನೆಗಳಿಗೂ ಮೊಬೈಲಿನ ಮೂಲಕ, ಒಳ್ಳೆಯ ಕನ್ನಡದಲ್ಲಿಯೇ, ಗಂಭೀರ ಕಂಠದ ಧ್ವನಿಸಂದೇಶವಾಗಿ ಬರುತ್ತಿದೆ. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ರಾಜ್ಯೋತ್ಸವದ ದಿನ ಕನ್ನಡ ರ‍್ಯಾಪ್ ಹಾಡುತ್ತೇನೆಂದು ಬಿ.ಕಾಂ. ಓದುವ ಹುಡುಗನೊಬ್ಬ ಹೆಸರು ಕೊಟ್ಟಾಗ, ಇಬ್ಬರು ಪೋಷಕರು ಈ ಸಂದೇಶವನ್ನೇ ಸಮಿತಿಗೆ ಕೇಳಿಸಿ, ಬೇಡವೆಂದು ಹಟ ಹಿಡಿದರು. ಕನ್ನಡ ಪಾಠ ಹೇಳುವವನೆಂದು ನನ್ನ ಅಭಿಪ್ರಾಯವನ್ನು ಕೇಳಲಾಯಿತು. ಸಮಿತಿಯ ಸಭೆಯಲ್ಲಿ ಹೇಳಲು ಹೊತ್ತು ಸಾಲದ ಮಾತುಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಂಕೆಯ ವಂಶಾವಳಿಯನ್ನು ನೋಡೋಣ. ಇಲ್ಯುಮಿನಾಟಿ ಎಂಬುದು ಕಟ್ಟುಕತೆಯಲ್ಲ. ಅಂಥ ಕೂಟವೊಂದು ನಿಜವಾಗಿ ಇತ್ತು. ೧೭೭೬ರಲ್ಲಿ ಜರ್ಮನಿಯ ಬವೇರಿಯ ಸೀಮೆಯ ಇಂಗೋಲ್‌ಸ್ಟಾಟ್ ಎಂಬಲ್ಲಿ ಆಡಮ್ ವೈಸ್‌ಹೌಪ್ಟ್ ಎಂಬ ಪ್ರಾಧ್ಯಾಪಕ ಅದನ್ನು ಸ್ಥಾಪಿಸಿದ. ಹತ್ತು ವರ್ಷ ತುಂಬುವುದರೊಳಗೆ, ೧೭೮೪-೮೫ರ ರಾಜಾಜ್ಞೆಗಳಿಂದ, ಅದು ಮುಚ್ಚಿಹೋಯಿತು. ಕೂಟ ಸತ್ತಮೇಲೆ ಹೆಸರಿಗೆ ಆಯುಸ್ಸು ಬಂದದ್ದು ವಿನೋದ. ೧೯೯೧ರಲ್ಲಿ ವಿಲಿಯಂ ಕೂಪರ್ ಎಂಬಾತ ಬರೆದ ‘ಬಿಹೋಲ್ಡ್ ಎ ಪೇಲ್ ಹಾರ್ಸ್’ ಎಂಬ ಪುಸ್ತಕ ಅಮೆರಿಕದ ಸೆರೆಮನೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಅಲ್ಲಿಂದ ರ‍್ಯಾಪ್ ಪದಗಳಿಗೆ ಈ ಹೆಸರು ಹತ್ತಿಕೊಂಡಿತು. ಮಾಬ್ ಡೀಪ್ ತಂಡದ ಪ್ರಾಡಿಜಿ ೧೯೯೫ರ ಒಂದು ಪದದಲ್ಲಿಯೇ ಅದನ್ನು ಹೆಸರಿಸಿದ. ಅಂದರೆ ರ‍್ಯಾಪಿನ ಮೇಲೆ ಈ ಶಂಕೆ ಹೊರಗಿನಿಂದ ಬೀಳುವ ಮೊದಲು ರ‍್ಯಾಪ್ ಕವಿಗಳೇ ಅದನ್ನು ಹಾಡುತ್ತಿದ್ದರು! ೧೯೯೬ರ ಸೆಪ್ಟೆಂಬರಿನಲ್ಲಿ ಕೊಲೆಯಾದ ಟೂಪಾಕ್ ಶಕೂರನ ಕಥೆ ಇನ್ನೂ ವಿಚಿತ್ರ. ಆತ ಈ ಮಾತನ್ನು ನಂಬಿದವನಲ್ಲ. ಇಂಥದನ್ನು ನಂಬಿ ಕೈಚೆಲ್ಲಿ ಕೂರಬೇಡಿರೆಂಬ ಹಾಸ್ಯಕ್ಕೆಂದೇ ಆ ಹೆಸರಿನ ಮುಂದೆ ‘ಕೊಲ್ಲು’ ಎಂಬರ್ಥ ಬರುವಂತೆ ಒಂದಕ್ಷರ ಸೇರಿಸಿ ‘ಕಿಲ್ಯುಮಿನಾಟಿ’ ಎಂದು ತನ್ನ ಕೊನೆಯ ಸಂಪುಟಕ್ಕೆ ಇಟ್ಟ. ಸಂಪುಟ ಹೊರಬಂದದ್ದು ಅವನು ಸತ್ತಮೇಲೆ, ಅದೇ ವರ್ಷದ ನವೆಂಬರಿನಲ್ಲಿ. ಈಗ ನೋಡಿದರೆ ಆ ಹೆಸರೇ ಸಂಚಿಗೆ ಸಾಕ್ಷಿಯಾಗಿ ನಿಂತಿದೆ. ಇನ್ನು ಜೇ-ಝೀ ಎಂಬ ಗಾಯಕ ತನ್ನ ಕಂಪನಿಯ ಗುರುತಾಗಿ ಎರಡೂ ಕೈಗಳ ಬೆರಳು ಕೂಡಿಸಿ ವಜ್ರದ ಆಕಾರ ತೋರಿಸುತ್ತಿದ್ದುದು ಗುಪ್ತಮುದ್ರೆಯಾಯಿತು. ೨೦೧೨ರಲ್ಲಿ ಹೆಸರಿಲ್ಲದ ಪತ್ರವೊಂದು ಹಬ್ಬಿತು: ೧೯೯೧ರಲ್ಲಿ ಸಂಗೀತ ವ್ಯಾಪಾರಿಗಳ ರಹಸ್ಯ ಸಭೆ ಸೇರಿತೆಂದೂ, ಖಾಸಗಿ ಸೆರೆಮನೆಗಳನ್ನು ತುಂಬಿಸಲು ಅಪರಾಧವನ್ನು ಹೊಗಳುವ ರ‍್ಯಾಪನ್ನು ಬೆಳೆಸಬೇಕೆಂದು ಅಲ್ಲಿ ಹೇಳಲಾಯಿತೆಂದೂ ಅದರ ಒಕ್ಕಣೆ. ಬರೆದವನ ಹೆಸರಿಲ್ಲ, ಸಭೆ ಸೇರಿದವರ ಹೆಸರಿಲ್ಲ, ಮನೆಯ ವಿಳಾಸವಿಲ್ಲ. ಇಂಥ ಪತ್ರವನ್ನು ಹಳ್ಳಿಯ ಪಂಚಾಯಿತಿಯೂ ಒಪ್ಪುತ್ತಿರಲಿಲ್ಲ.

ಇಷ್ಟಕ್ಕೆ ನಕ್ಕು ಮುಂದೆ ಹೋಗುವುದು ಸುಲಭ, ಆದರೆ ನ್ಯಾಯವಲ್ಲ. ಈ ಮಾತುಗಳನ್ನು ಮೊದಲು ನಂಬಿದವರು ಯಾರು, ಅವರು ಏನನ್ನು ಕಂಡವರು ಎಂಬುದನ್ನು ಕೇಳಬೇಕು. ಅಲಬಾಮದ ಟಸ್ಕೀಗಿಯಲ್ಲಿ ೧೯೩೨ರಿಂದ ೧೯೭೨ರವರೆಗೆ, ನಾಲ್ವತ್ತು ವರ್ಷ, ಸುಮಾರು ಆರುನೂರು ಮಂದಿ ಕರಿಯ ಗಂಡಸರನ್ನು ಸರಕಾರದ ವೈದ್ಯರು ಗಮನಿಸುತ್ತ ಹೋದರು. ಅವರಲ್ಲಿ ಸಿಫಿಲಿಸ್ ಇದ್ದವರಿಗೆ ಪೆನಿಸಿಲಿನ್ ಬಂದಮೇಲೂ ಚಿಕಿತ್ಸೆ ಕೊಡಲಿಲ್ಲ. ೧೯೫೬ರಿಂದ ೧೯೭೧ರವರೆಗೆ ಅಲ್ಲಿನ ಕೇಂದ್ರ ಪತ್ತೇದಾರಿ ಇಲಾಖೆ ನೀಗ್ರೋ ನಾಯಕರ ಹಿಂದೆ ಗುಪ್ತವಾಗಿ ಬಿದ್ದು ಮಾರ್ಟಿನ್ ಲೂಥರ್ ಕಿಂಗರಂಥವರನ್ನೂ ಕಾಡಿತು. ೧೯೮೯ರಲ್ಲಿ ಅದೇ ಇಲಾಖೆಯ ಹಿರಿಯ ಅಧಿಕಾರಿಯೊಬ್ಬ, ಪೊಲೀಸರನ್ನು ಬೈದ ಒಂದು ಪದಕ್ಕಾಗಿ, ಎನ್‌.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಕಂಪನಿಗೆ ಇಲಾಖೆಯ ಕಾಗದದಲ್ಲಿಯೇ ಆಕ್ಷೇಪಣೆ ಬರೆದ. ಟೂಪಾಕನ ತಾಯಿ ಅಫೇನಿ ಶಕೂರ್ ಕಪ್ಪು ಚಿರತೆಗಳ ಪಕ್ಷದವಳು. ಸಂಚಿನ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತು, ೧೯೭೧ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾಗಿ, ತಿಂಗಳೊಂದು ಕಳೆದಮೇಲೆ ಮಗನನ್ನು ಹೆತ್ತಳು. ಇಂಥ ಜನಕ್ಕೆ ‘ನಿಮ್ಮ ಮೇಲೆ ಯಾರ ಕಣ್ಣೂ ಇಲ್ಲ’ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ಅವರ ಶಂಕೆ ತಪ್ಪು ವಿಳಾಸಕ್ಕೆ ಹೋಗಿರಬಹುದು, ಆದರೆ ಅದು ನಿಜವಾದ ಗಾಯದಿಂದ ಹೊರಟದ್ದು. ಅದೇ ಶಂಕೆ ಸಮುದ್ರ ದಾಟಿ ಹೊರಮಾವಿನ ಅಪಾರ್ಟ್‌ಮೆಂಟಿಗೆ ಬರುವಾಗ ಗಾಯವನ್ನು ಅಲ್ಲಿಯೇ ಬಿಟ್ಟು ಬಂದಿದೆ. ಅಲ್ಲಿ ದುರ್ಬಲರು ಬಲಿಷ್ಠರನ್ನು ಶಂಕಿಸಿದರು. ಇಲ್ಲಿ ತಂದೆತಾಯಿಗಳು ತಮ್ಮ ಮಕ್ಕಳನ್ನು ಶಂಕಿಸುತ್ತಿದ್ದಾರೆ.

ಮನಸ್ಸನ್ನು ವಶಪಡಿಸಿಕೊಳ್ಳುವ ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ಅಮೆರಿಕದ ಗೂಢಚಾರ ಸಂಸ್ಥೆ ೧೯೫೩ರಲ್ಲಿ ‘ಎಂಕೆ ಅಲ್ಟ್ರಾ’ ಎಂಬ ಯೋಜನೆಯನ್ನು ಆರಂಭಿಸಿ, ಇಪ್ಪತ್ತು ವರ್ಷ, ಎಲ್‌.ಎಸ್‌.ಡಿ. ಮೊದಲಾದ ಮದ್ದುಗಳನ್ನು, ಕೆಲವು ವೇಳೆ ಮನುಷ್ಯರಿಗೆ ತಿಳಿಯದಂತೆಯೇ, ಕೊಟ್ಟು ನೋಡಿತು. ೧೯೭೩ರಲ್ಲಿ ಅದರ ಕಡತಗಳನ್ನು ನಾಶಮಾಡಲು ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಆಜ್ಞೆ ಕೊಟ್ಟ. ತಪ್ಪಿ ಉಳಿದ ಲೆಕ್ಕಪತ್ರಗಳು ೧೯೭೭ರಲ್ಲಿ ಹೊರಬಿದ್ದು ಸೆನೆಟ್ಟಿನ ವಿಚಾರಣೆ ನಡೆಯಿತು. ಹಿಪ್‌ಹಾಪ್ ಹುಟ್ಟಿತೆಂದು ಹೇಳುವ ದಿನ ೧೯೭೩ರ ಆಗಸ್ಟ್ ೧೧. ಅಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಹುಡುಗ ತಂಗಿಯ ಪಾರ್ಟಿಗೆ ತಟ್ಟೆಗಳನ್ನು ತಿರುಗಿಸಿದ. ಕಡತ ಸುಟ್ಟ ವರ್ಷವೂ ಹಾಡು ಹುಟ್ಟಿದ ವರ್ಷವೂ ಒಂದೇ! ಸಂಚು ಹುಡುಕುವವರಿಗೆ ಇಷ್ಟೇ ಸಾಕು. ಇದನ್ನು ಯಾರಾದರೂ ಈಗಾಗಲೇ ಸಂದೇಶ ಮಾಡಿ ಕಳಿಸಿದ್ದರೆ ನನಗೆ ಆಶ್ಚರ್ಯವಿಲ್ಲ. ಆದರೆ ಆ ಇಪ್ಪತ್ತು ವರ್ಷಗಳ ಫಲವೇನು? ಮನುಷ್ಯರನ್ನು ಹಾಳುಮಾಡುವುದು ಸಾಧ್ಯವಾಯಿತು. ಬೇಕಾದ ಕಡೆಗೆ ತಿರುಗಿಸುವ ಬೀಗದ ಕೈ ಸಿಕ್ಕಲಿಲ್ಲ. ೧೯೫೭ರಲ್ಲಿ ಜೇಮ್ಸ್ ವಿಕರಿ ಎಂಬ ಜಾಹೀರಾತು ಪಂಡಿತ, ಕಣ್ಣಿಗೆ ಕಾಣದಷ್ಟು ಬೇಗ ‘ಪಾಪ್‌ಕಾರ್ನ್ ತಿನ್ನಿ’ ಎಂದು ತೆರೆಯ ಮೇಲೆ ಮಿನುಗಿಸಿ ವ್ಯಾಪಾರ ಹೆಚ್ಚಿಸಿದೆನೆಂದು ಪ್ರಕಟಿಸಿ ಲೋಕವನ್ನೇ ಹೆದರಿಸಿದ. ೧೯೬೨ರಲ್ಲಿ ಅದು ತನ್ನ ಉದ್ಯಮಕ್ಕಾಗಿ ಹೂಡಿದ ಗಿಮಿಕ್ಕೆಂದು ತಾನೇ ಒಪ್ಪಿಕೊಂಡ. ಹೆದರಿಕೆ ಮಾತ್ರ ಹಿಂದಕ್ಕೆ ಹೋಗಲಿಲ್ಲ.

ಹಿಂದುಮುಂದಾಗಿ ಹಾಡಿಸಿದರೆ ಕೇಳುವ ಗುಪ್ತವಾಣಿಯ ಮಾತೂ ನ್ಯಾಯಾಲಯದವರೆಗೆ ಹೋದದ್ದುಂಟು. ಅದು ರ‍್ಯಾಪಲ್ಲ, ರಾಕ್ ಸಂಗೀತ. ಜೂಡಾಸ್ ಪ್ರೀಸ್ಟ್ ತಂಡದ ಹಾಡಿನಲ್ಲಿದ್ದ ಗುಪ್ತ ಆಜ್ಞೆಯಿಂದ ಇಬ್ಬರು ತರುಣರು ತಮಗೆ ತಾವೇ ಗುಂಡಿಕ್ಕಿಕೊಂಡರೆಂಬ ಮೊಕದ್ದಮೆ ೧೯೯೦ರಲ್ಲಿ ನೆವಾಡದ ರೀನೋ ನಗರದಲ್ಲಿ ನಡೆದು ವಜಾ ಆಯಿತು. ಈ ಪ್ರಕರಣವನ್ನು ಓದುವಾಗ ನಮ್ಮ ಅಲಂಕಾರಶಾಸ್ತ್ರದ ಚಿತ್ರಕಾವ್ಯ ನೆನಪಾಗದೆ ಇರಲಿಲ್ಲ. ಮೊದಲಿನಿಂದ ಓದಿದರೆ ಒಂದು, ಕೊನೆಯಿಂದ ಓದಿದರೆ ಇನ್ನೊಂದು ಅರ್ಥ ಬರುವ ಗತಪ್ರತ್ಯಾಗತದಂಥ ಪದ್ಯಗಳನ್ನು ಹಳೆಯ ಕವಿಗಳು ಬೆವರು ಸುರಿಸಿ ಕಟ್ಟಿದ್ದಾರೆ. ಅದರ ಒಳಮಾತು ತಿಳಿಯಬೇಕಾದರೆ ಗುರುಮುಖದಲ್ಲಿ ಪಾಠವಾಗಬೇಕು, ಬೆರಳಿಟ್ಟು ಅಕ್ಷರ ಎಣಿಸಬೇಕು. ಎಂ.ಎ. ತರಗತಿಯಲ್ಲಿ ಎದುರಿಗೆ ಬರೆದು ತೋರಿಸಿದರೂ ಅರ್ಧ ಜನಕ್ಕೆ ಹೊಳೆಯದ ವಿದ್ಯೆ, ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ತೂಕಡಿಸುವ ಹುಡುಗನಿಗೆ ತಾನೇ ತಾನಾಗಿ ತಲೆಗೇರುತ್ತದೆಯೆಂದರೆ, ಮೇಷ್ಟರಾದ ನಮಗೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಈ ಶಂಕೆಯ ಒಳತಿರುಳನ್ನು ಕನ್ನಡದಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಒಬ್ಬ ಕವಿ ಮುಟ್ಟಿ ನೋಡಿದ್ದಾನೆ. ಜನ್ನನ ‘ಯಶೋಧರ ಚರಿತೆ’ ಕ್ರಿ. ಶ. ೧೨೦೯ರ ಕೃತಿ. ರಾಣಿ ಅಮೃತಮತಿ ನಡುರಾತ್ರಿಯಲ್ಲಿ ಆನೆಯ ಲಾಯದ ಕಡೆಯಿಂದ ಬಂದ ಹಾಡನ್ನು ಕೇಳುತ್ತಾಳೆ. ಕೇಳಿದಷ್ಟಕ್ಕೇ ಮನಸ್ಸು ಕೊಡುತ್ತಾಳೆ. ಹಾಡಿದವನು ಯಾರೆಂದು ನೋಡಿ ಬರಲು ಗೆಳತಿಯನ್ನು ಕಳಿಸಿದರೆ, ಅವನು ಅಷ್ಟಾವಂಕನೆಂಬ ಮಾವಟಿಗ, ಮೈಯೆಲ್ಲ ಡೊಂಕು, ನೋಡಿದವರು ಹೇಸಿಕೊಳ್ಳುವ ರೂಪ. ಗೆಳತಿ ಬಂದು ಎಷ್ಟು ಹೀಗಳೆದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಇಷ್ಟು ದೊಡ್ಡ ಅರಮನೆಯ ರಾಣಿ ಇಂಥವನಿಗೆ ಹೇಗೆ ಸೋತಾಳು? ಕವಿಗೂ ಇದನ್ನು ಹಾಗೆಯೇ ಬಿಡಲು ಧೈರ್ಯ ಸಾಲದು. ಮನ್ಮಥನ ಮಾಯೆಯನ್ನೂ ವಿಧಿಯ ಆಟವನ್ನೂ ಜೊತೆಗೂಡಿಸಿ ಹೊಣೆಯನ್ನು ಅವುಗಳ ಮೇಲೆ ಹಾಕುತ್ತಾನೆ. ಇದು ಅಂದಿನ ಇಲ್ಯುಮಿನಾಟಿ ಎಂದರೆ ಪಂಡಿತರು ಕೋಪಿಸಿಕೊಳ್ಳಬಾರದು.

ಆದರೆ ಜನ್ನ ದೊಡ್ಡ ಕವಿ. ಕಾರಣವನ್ನು ಕಾಣದ ಶಕ್ತಿಗಳ ಮೇಲೆ ಹಾಕಿದರೂ, ಹಾಡು ಚೆನ್ನಾಗಿತ್ತು ಎಂಬುದನ್ನು ಅವನು ಮುಚ್ಚಿಡುವುದಿಲ್ಲ. ಆ ರಾತ್ರಿ ಅರಮನೆಯಲ್ಲಿ ಎಚ್ಚರವಿದ್ದವರು ರಾಣಿಯೊಬ್ಬಳೇ ಆಗಿರಲಾರಳು. ಕಾವಲಿನವರ ಕಿವಿಗೂ ದಾದಿಯರ ಕಿವಿಗೂ ಆ ದನಿ ಬಿದ್ದಿರಬೇಕು. ಎದ್ದು ಹೋದವಳು ಒಬ್ಬಳೇ. ಮರುಳು ಹಾಡಿನಲ್ಲಿಯೇ ಇದ್ದಿದ್ದರೆ ಅರಮನೆಯೆಲ್ಲ ಲಾಯದ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತು. ಅವಳು ಹೋದುದಕ್ಕೆ ಕಾರಣ ಅವಳೊಳಗೆ ಏನೋ ಇತ್ತು. ಅದೇನೆಂದು ಕೇಳುವುದು ರಾಜನಿಗೆ ಕಷ್ಟ, ‘ಯಾವುದೋ ಮಾಯೆ’ ಎನ್ನುವುದು ಸುಲಭ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿ ಮಾಡಿದಾಗ ರಾಣಿಯ ಬಾಯಿಗೇ ಮಾತು ಕೊಟ್ಟುದು ಈ ಕಾರಣಕ್ಕೆ ಎಂದು ನನ್ನ ಎಣಿಕೆ. ಇನ್ನೊಂದು ಮಾತು. ಕೃಷ್ಣನ ಕೊಳಲಿಗೆ ಗೋಪಿಯರು ಉಕ್ಕುವ ಹಾಲನ್ನು ಒಲೆಯ ಮೇಲೆಯೇ ಬಿಟ್ಟು ಓಡಿದರೆ ಅದನ್ನು ನಾವು ಭಕ್ತಿ ಎನ್ನುತ್ತೇವೆ; ಮಾವಟಿಗನ ಹಾಡಿಗೆ ರಾಣಿ ಓಡಿದರೆ ಮಾಯೆ ಎನ್ನುತ್ತೇವೆ. ಹಾಡಿದವನ ಕುಲ, ರೂಪ, ಇರುವ ಜಾಗ ನೋಡಿ ಹಾಡಿನ ಗುಣವನ್ನು ತೀರ್ಮಾನಿಸುವ ಈ ಅಭ್ಯಾಸ ಬ್ರಾಂಕ್ಸಿಗೂ ಹೊಸದಲ್ಲ, ಹೊರಮಾವಿಗೂ ಹೊಸದಲ್ಲ. ಸಮಿತಿಯ ಮುಂದೆ ಬಂದ ಪೋಷಕರಲ್ಲಿ ಒಬ್ಬರ ಮಗಳು ವೀಣೆ ಕಲಿಯುತ್ತಾಳೆ. ವೀಣೆಯ ನಾದ ಮನಸ್ಸನ್ನು ‘ತನ್ಮಯ’ಗೊಳಿಸುತ್ತದೆಯೆಂದು ಅವರೇ ಹೆಮ್ಮೆಯಿಂದ ಹೇಳಿದರು.

ಹಾಗಾದರೆ ಮಾತಿನಿಂದ ಊರಿನ ಮನಸ್ಸು ಒಮ್ಮೆಗೇ ತಿರುಗುವುದೇ ಇಲ್ಲವೆ? ತಿರುಗುತ್ತದೆ, ಬೆಂಗಳೂರು ಅದನ್ನು ಕಣ್ಣಾರೆ ಕಂಡಿದೆ. ೨೦೧೨ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ, ಇಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆಂಬ ವದಂತಿ ಮೊಬೈಲಿನಲ್ಲಿ ಹಬ್ಬಿತು. ಎರಡು ಮೂರು ದಿನಗಳಲ್ಲಿ ಸಾವಿರಾರು ಜನ, ಕೆಲಸ ಬಿಟ್ಟು, ಸಂಬಳ ಬಿಟ್ಟು, ಕೈಗೆ ಸಿಕ್ಕ ಗಂಟು ಹಿಡಿದು ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಗಟು ಸಂದೇಶಗಳನ್ನು ಕೇಂದ್ರ ಸರಕಾರ ಹದಿನೈದು ದಿನ ನಿಷೇಧಿಸಿ, ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಕಳಿಸಬಾರದೆಂದು ಕಟ್ಟು ಹಾಕಿತು. ೨೦೧೮ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶವನ್ನು ನಂಬಿ ಚಾಮರಾಜಪೇಟೆಯ ಕಡೆ ರಾಜಸ್ಥಾನದಿಂದ ದುಡಿಯಲು ಬಂದ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಆ ಎರಡು ಸಲವೂ ಹಿಂದೆ ತಾಳ ಬಡಿಯುತ್ತಿರಲಿಲ್ಲ, ಪ್ರಾಸವಿರಲಿಲ್ಲ. ಇದ್ದದ್ದು ಕಾಳಜಿಯ ಧ್ವನಿಯ ಒಂದು ಎಚ್ಚರಿಕೆ, ‘ಎಲ್ಲರಿಗೂ ಕಳಿಸಿ’ ಎಂಬ ಒಕ್ಕಣೆ. ಹಾಡು ತಾನು ಹಾಡೆಂದು ಹೇಳಿಕೊಂಡೇ ಬಾಗಿಲಿಗೆ ಬರುತ್ತದೆ. ಒಲ್ಲದವರು ಬಾಗಿಲು ಹಾಕಿಕೊಳ್ಳಬಹುದು. ವದಂತಿ ಸುದ್ದಿಯ ವೇಷ ಹಾಕಿ ನೆಂಟರ ಕೈಯಲ್ಲಿ ಬರುತ್ತದೆ. ಹಿಪ್‌ಹಾಪಿನ ಮರುಳಿನ ಬಗ್ಗೆ ನಮ್ಮ ಪೋಷಕರು ಕೇಳಿಸಿದ ಸಂದೇಶ ಈ ಎರಡನೆಯ ಜಾತಿಯದು.

ಈಗ ಪದದ ವಿಚಾರ. ರ‍್ಯಾಪ್ ಪರದೇಶದ ಸರಕು, ಕನ್ನಡಕ್ಕೆ ಒಗ್ಗದು ಎಂಬ ಮಾತನ್ನು ಶಂಕೆಯಿಲ್ಲದವರೂ ಆಡುತ್ತಾರೆ. ನಮ್ಮ ದಂಡು ಪ್ರದೇಶದ ಕಡೆ ಇದು ಮೊದಲು ಇಂಗ್ಲಿಷಿನಲ್ಲಿಯೇ ಬೆಳೆದದ್ದು ನಿಜ. ಬ್ರೋಧಾ ವಿ ೨೦೧೨ರಲ್ಲಿ ‘ಆತ್ಮರಾಮ’ ಹಾಡಿದಾಗ ರಾಮನಾಮವನ್ನು ಇಂಗ್ಲಿಷ್ ರ‍್ಯಾಪಿಗೆ ಜೋಡಿಸಿದ; ೨೦೨೪ರಲ್ಲಿ ಬೆಂಗಳೂರಿನಲ್ಲಿ ನೆಲಸಿದ ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೂ ಏರಿತು. ಕನ್ನಡದಲ್ಲಿ ಹಾಡುವ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೊ ಮೊದಲಾದವರ ಹೆಸರನ್ನು ಈಗ ಪಿ.ಯು.ಸಿ. ಹುಡುಗರು ಪಂಪ ರನ್ನರಿಗಿಂತ ಸಲೀಸಾಗಿ ಹೇಳುತ್ತಾರೆ. ಆದರೆ ಧಾಟಿ ಹೊಸದೆ? ಟಿ. ಪಿ. ಕೈಲಾಸಂ ಇದೇ ಬೆಂಗಳೂರಿನಲ್ಲಿ ಕುಳಿತು, ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಇಂಗ್ಲಿಷ್ ಹಾಡೊಂದನ್ನು ಹಿಡಿದು, ಅದರ ವರಸೆಯಲ್ಲಿ ಕನ್ನಡದ ಕಾಗುಣಿತವನ್ನೇ ಕುಣಿಸಿ ‘ಕೋಳೀಕೆ ರಂಗ’ನನ್ನು ಹುಟ್ಟಿಸಿದರು. ಆಗ ಕನ್ನಡ ಕೆಟ್ಟಿತೆಂದವರ ಹೆಸರು ಇಂದು ಯಾರಿಗೂ ನೆನಪಿಲ್ಲ. ರಂಗನನ್ನು ಶಾಲೆಯ ಮಕ್ಕಳೂ ಹಾಡುತ್ತಾರೆ.

ಬೆಳಗಾವಿ ವಿಜಯಪುರದ ಕಡೆಯ ವಾಚಕರಿಗೆ ಇನ್ನೂ ಹತ್ತಿರದ ನೆನಪು ಬರಬೇಕು. ಗೀಗೀ ಮೇಳದ ಹರದೇಶಿ–ನಾಗೇಶಿ ಪಂಗಡಗಳು ಡಪ್ಪು, ತುಂತುಣಿ, ತಾಳ ಹಿಡಿದು ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದರೆ ನಾಗೇಶಿಯವರು ಹೆಣ್ಣು ಹೆಚ್ಚೆನ್ನುತ್ತಾರೆ. ಸವಾಲು ಪದ್ಯದಲ್ಲಿ, ಜವಾಬೂ ಪದ್ಯದಲ್ಲಿ. ಎದುರಾಳಿಯ ಪ್ರಾಸವನ್ನೇ ಕಿತ್ತುಕೊಂಡು ಅವನ ಮೇಲೆ ತಿರುಗಿಸಿದರೆ ಜನ ಶಿಳ್ಳೆ ಹೊಡೆಯುತ್ತಾರೆ. ರ‍್ಯಾಪಿನವರು ‘ಬ್ಯಾಟಲ್’ ಎನ್ನುವುದು ಇದನ್ನೇ. ಹೀಗೆಂದು ರ‍್ಯಾಪ್ ನಮ್ಮಿಂದಲೇ ಹೋಯಿತೆಂದು ಬೀಗುವವರ ಪೈಕಿ ನಾನಲ್ಲ. ಅದು ಹುಟ್ಟಿದ್ದು ಅಲ್ಲಿಯೇ, ಆ ಜನರ ಬದುಕಿನಲ್ಲಿಯೇ. ನಮ್ಮ ಕಿವಿಗೆ ಅದನ್ನು ಹಿಡಿಯುವ ಅಭ್ಯಾಸ ಮೊದಲೇ ಇತ್ತು ಎಂಬುದಷ್ಟೇ ನನ್ನ ಮಾತು. ನಾಲ್ಕು ನಾಲ್ಕು ಮಾತ್ರೆಯ ಗಣಗಳ ಮೇಲೆ ಆಡುಮಾತನ್ನು ಹರಿಯಬಿಟ್ಟು, ಪದವನ್ನು ಗಣದ ಅಂಚಿನಲ್ಲಿ ಒಡೆದು, ಮತ್ತೆ ತಾಳಕ್ಕೆ ಬಂದು ಸೇರುವುದು ಕನ್ನಡದವನಿಗೆ ಕಲಿಸಬೇಕಾದ ವಿದ್ಯೆಯಲ್ಲ.

ಸಮಿತಿ ಬೇಡವೆನ್ನುತ್ತಿದ್ದ ಹುಡುಗನ ಪದದ ನಾಲ್ಕು ಸಾಲು ಇಲ್ಲಿವೆ. ಅವನ ಒಪ್ಪಿಗೆ ಪಡೆದೇ ಕೊಡುತ್ತಿದ್ದೇನೆ, ಹೆಸರು ಬೇಡವೆಂದಿದ್ದಾನೆ.

ಕೆರೆ ಇತ್ತಂತೆ ಇಲ್ಲೇ, ಅಜ್ಜಿ ಹೇಳ್ತಾಳೆ
ತೆರೆ ಬರ್ತಿತ್ತಂತೆ, ಕಣ್ಮುಚ್ಚಿ ಕೇಳ್ತಾಳೆ
ಹೊರಮಾವ್ ಹೆಸ್ರಲ್ಲಿ ಮಾವು, ಮರ ಎಲ್ಲಿ?
ಬರಿ ಬೋರ್ಡು, ಬಸ್‌ಸ್ಟಾಪು, ರೋಡಲ್ಲಿ ಜಲ್ಲಿ

ಹೊರಮಾವಿನ ಹೆಸರಿನ ಕೆರೆ ಇಂದಿಗೂ ಇದೆ. ಹುಡುಗ ಹೇಳುವುದು ಅಜ್ಜಿಯ ಕಾಲದ ಬೇರೊಂದು ಕುಂಟೆಯ ಮಾತಿರಬೇಕು. ಅದಿರಲಿ. ಸಾಲುಗಳ ಎರಡನೆಯ ಅಕ್ಷರವನ್ನು ನೋಡಿ: ಕೆರೆ, ತೆರೆ, ಹೊರ, ಬರಿ. ನಾಲ್ಕರಲ್ಲಿಯೂ ರಕಾರ, ನಾಲ್ಕರಲ್ಲಿಯೂ ಅದರ ಹಿಂದಿನ ಅಕ್ಷರ ಹ್ರಸ್ವ. ಇದು ನಮ್ಮ ಛಂದಸ್ಸಿನ ಸಿಂಹಪ್ರಾಸ! ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಷಟ್‌ಪ್ರಾಸಗಳಲ್ಲಿ ಮೊದಲನೆಯದು. ಸಾಲದುದಕ್ಕೆ ಅಂತ್ಯಪ್ರಾಸವೂ ಬೇರೆ. ಇದನ್ನು ತಿಳಿದು ಮಾಡಿದೆಯಾ ಎಂದು ಕೇಳಿದೆ. ‘ಇಲ್ಲ ಸಾರ್, ಹಾಗಿದ್ರೆ ಬಾಯಿಗೆ ಹಿಡಿಯುತ್ತೆ’ ಎಂದ. ನಾಗವರ್ಮನ ಛಂದೋಗ್ರಂಥಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯಾನವನ್ನು ನಾನು ಕೇಳಿಲ್ಲ. ಎರಡನೆಯ ಸಾಲು ನಿಜವಾಗಿಯೂ ಕವಿತೆ: ಇಲ್ಲದ ನೀರಿನ ತೆರೆಯನ್ನು ಮುದುಕಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಾಳೆ. ಮೂರನೆಯದು ಬರಿಯ ಚಮತ್ಕಾರ. ನಾಲ್ಕನೆಯದರ ಜಲ್ಲಿ ರಸ್ತೆಗೆ ಬಿದ್ದದ್ದು ಕಂಟ್ರಾಕ್ಟರನ ಲಾರಿಯಿಂದಲ್ಲ, ಮೇಲಿನ ಸಾಲಿನ ‘ಎಲ್ಲಿ’ಯಿಂದ. ಹೀಗೆ ಒಳ್ಳೆಯ ಸಾಲು, ಸೋತ ಸಾಲು ಎಂದು ಬೇರ್ಪಡಿಸಬಲ್ಲೆವಾದರೆ ಅದು ಪದ್ಯ. ಹುಡುಗನ ಮನಸ್ಸೇ ಅದನ್ನು ಕಟ್ಟಿದೆ, ಅದು ಎಡವಿದ ಕಡೆ ಎಡವಿದ್ದೂ ಅವನೇ. ಬೇರೆ ಯಾರೋ ಅವನೊಳಗೆ ಕುಳಿತು ಆಡಿಸುತ್ತಿದ್ದರೆ ಕೊನೆಯ ಸಾಲನ್ನಾದರೂ ಇನ್ನಷ್ಟು ಚೆನ್ನಾಗಿ ಬರೆಸುತ್ತಿದ್ದರು.

ಸಮಿತಿ ಕಡೆಗೆ ಮೂರು ನಿಮಿಷ ಕೊಟ್ಟಿತು. ವೇದಿಕೆಯ ಮೇಲೆ ಬೆರಳು ಜೋಡಿಸುವ ಯಾವ ಸನ್ನೆಯನ್ನೂ ಮಾಡಕೂಡದೆಂಬ ಷರತ್ತಿನ ಮೇಲೆ. ಹುಡುಗ ಬಂದವನೇ ಸಭೆಗೆ ಕೈ ಮುಗಿದ. ಮುಗಿದ ಕೈಯ ಬೆರಳುಗಳು ತ್ರಿಕೋನವಾಗಿಯೇ ಕೂಡುತ್ತವೆಯೆಂಬುದನ್ನು ಯಾರೂ ಗಮನಿಸಲಿಲ್ಲ.

ಕನ್ನಡ ರ‍್ಯಾಪಿನ ಮೇಲೆ ಆಕ್ಷೇಪಣೆಗಳೇ ಇರಬಾರದೆಂದು ಇದರ ಅರ್ಥವಲ್ಲ. ಆಕ್ಷೇಪಣೆಗೂ ಒಂದು ಮರ್ಯಾದೆಯಿದೆ. ೨೦೨೦ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರು ಮಲೆಯ ಮಾದೇಶ್ವರನ ‘ಕೋಲುಮಂಡೆ’ಯ ಪದವನ್ನು ಹೊಸ ಧಾಟಿಯಲ್ಲಿ ಮಾಡಿದಾಗ, ಅದರಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಬಗೆಗೆ ಭಕ್ತರು ಎದ್ದು ನಿಂತರು, ಗಾಯಕರು ಕ್ಷಮೆ ಕೇಳಿದರು. ಆ ಆಕ್ಷೇಪಣೆಯ ಹಿಂದೆ ಒಂದು ಕಾವ್ಯವಿತ್ತು. ಕಂಸಾಳೆಯವರು ತಲೆತಲಾಂತರದಿಂದ ಹಾಡಿಕೊಂಡು ಬಂದ ಸಂಕಮ್ಮ, ಕಾಡಿಗೆ ಹೊರಟ ಗಂಡ ತನ್ನ ಬೆನ್ನ ಹಿಂದೆ ಹೆಂಡತಿ ಹೇಗಿರುವಳೋ ಎಂಬ ಸಂಶಯದಿಂದ ಕೇಳಿದ ಭಾಷೆಯನ್ನು ಕೊಡಲೊಲ್ಲದೆ ನಿಂತವಳು. ‘ಇವಳು ನಮ್ಮ ಸಂಕಮ್ಮನಲ್ಲ’ ಎಂದು ಜನ ಹೇಳಿದರೆ ಅದು ವಿಮರ್ಶೆ. ಕಥೆ ಬಲ್ಲವರು ಪದವನ್ನು ಕೇಳಿ, ನೋಡಿ, ಹೋಲಿಸಿ ಆಡಿದ ಮಾತು. (ಬೆದರಿಕೆಯ ದನಿಗಳೂ ಇಂಥ ವೇಳೆ ಜೊತೆಗೆ ಸೇರಿಕೊಳ್ಳುತ್ತವೆ, ಅವನ್ನು ವಿಮರ್ಶೆ ಎನ್ನಲಾಗದು.) ಮಗ ಹೊರಗೆ ಹೋದಾಗ ಕಿವಿಯಲ್ಲಿ ಏನು ಕೇಳುತ್ತಾನೋ ಎಂದು ಭಾಷೆ ಕೇಳುವ ಇಂದಿನ ತಂದೆಗೆ ಸಂಕಮ್ಮನ ಕಥೆಯನ್ನು ಯಾರಾದರೂ ಒಮ್ಮೆ ಹಾಡಿ ಕೇಳಿಸಬೇಕು.

ಇನ್ನು ಹುಡುಗರ ಹೊತ್ತನ್ನು ನುಂಗುವ ಶಕ್ತಿಯನ್ನೇ ಹುಡುಕುವುದಾದರೆ ಗುಪ್ತಕೂಟದವರೆಗೆ ಹೋಗುವ ಅಗತ್ಯವಿಲ್ಲ. ಯೂಟ್ಯೂಬ್ ಕಂಪನಿ ೨೦೧೨ರಿಂದ, ಎಷ್ಟು ಜನ ನೋಡಿದರೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದನ್ನು ಲೆಕ್ಕಕ್ಕೆ ಹಿಡಿದು ಮುಂದಿನ ಹಾಡನ್ನು ಮುಂದಕ್ಕೆ ತಳ್ಳುತ್ತ ಬಂದಿದೆ. ಇದನ್ನು ಅವರು ಮುಚ್ಚಿಟ್ಟಿಲ್ಲ, ಬಹಿರಂಗವಾಗಿಯೇ ಹೇಳಿದ್ದಾರೆ. ಬಹಿರಂಗವಾದುದರಲ್ಲಿ ರೋಮಾಂಚನವಿಲ್ಲವಾಗಿ ಅದರ ಬಗ್ಗೆ ಯಾರೂ ಧ್ವನಿಸಂದೇಶ ಕಳಿಸುವುದಿಲ್ಲ. ಪದಕಾರರ ಮೇಲೆ ಇದರ ಒತ್ತಡವಿದೆ. ಮೊದಲ ಹತ್ತು ಸೆಕೆಂಡಿನಲ್ಲಿ ಹಿಡಿಯಬೇಕು, ಒಂದೇ ತುಣುಕು ನಾಲ್ಕು ಸಲ ಬರಬೇಕು, ಕುಣಿಯಲು ಬರಬೇಕು. ನಾಲ್ಕು ಸಾಲು ಕನ್ನಡವಾದೊಡನೆ ಇಂಗ್ಲಿಷಿನ ಹುಲ್ಲು ತುಂಬುವುದು, ತನ್ನನ್ನು ತಾನೇ ಹೊಗಳಿಕೊಳ್ಳುವುದು, ಸಿದ್ಧ ತಾಳವನ್ನು ಕೊಂಡು ತಂದು ಅದರ ಮೇಲೆ ಮಾತು ಒಣಗಹಾಕುವುದು, ಇವೆಲ್ಲ ಈಗ ರೂಢಿಗೆ ಬಂದ ದೋಷಗಳು.

ಅದರಲ್ಲಿಯೂ ಕುಡಿತದ ಪದಗಳು. ‘ತ್ರೀ ಪೆಗ್’ ಮನೆಮಾತಾದಮೇಲೆ ಈ ಜಾತಿಯ ಹಾಡುಗಳ ಬೆಳೆ ಹುಲುಸಾಗಿ ಬಂದಿದೆ. ಕುಡಿತವನ್ನು ಹಾಡಿದರೆಂದು ನಾನು ದೂರುವುದಿಲ್ಲ. ಕನ್ನಡದಲ್ಲಿ ಹೆಂಡದ ಪದಗಳನ್ನು ಕಟ್ಟಿದವರು ಜಿ. ಪಿ. ರಾಜರತ್ನಂ ಎಂಬ ಕನ್ನಡ ಮೇಷ್ಟರು. ಅವರ ರತ್ನನಿಗೆ ಒಂದು ಊರಭಾಷೆಯಿದೆ, ಪುಟ್ನಂಜಿ ಎಂಬ ಹೆಂಡತಿಯಿದ್ದಾಳೆ, ದೇವರ ಜೊತೆ ಜಗಳವಿದೆ, ಕನ್ನಡದ ಬಗ್ಗೆ ಬಿಡಲಾರದ ಹಟವಿದೆ. ಹೆಂಡ ಇಳಿದಮೇಲೂ ಅವನು ಎದುರಿಗೆ ಕುಳಿತೇ ಇರುತ್ತಾನೆ. ಇಂದಿನ ಪದಗಳಲ್ಲಿ ಬಹುಪಾಲಿಗೆ ಗ್ಲಾಸು ಹಿಡಿದ ಕೈ ಯಾರದೆಂದೇ ತಿಳಿಯುವುದಿಲ್ಲ. ಅವನ ಊರು ಯಾವುದು, ಬೆಳಗಾದರೆ ಯಾವ ಕೆಲಸಕ್ಕೆ ಹೋಗುತ್ತಾನೆ, ಮನೆಯಲ್ಲಿ ಬಾಗಿಲು ತೆರೆಯುವವರು ಯಾರು ಎಂಬುದೊಂದೂ ಪದದೊಳಗೆ ಇಲ್ಲ.